ಹದಿನೇಳನೇ ನಂಬರಿನ ತಿಳಿನೀಲಿ

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರೆ ಶಾಲೆಯವರು ಮೊದಲು ಮಾಡುವ ಕೆಲಸ ಒಳ್ಳೆಯ ಕುರ್ಚಿ ಹುಡುಕುವುದು. ನನಗೂ ಮುಖ್ಯೋಪಾಧ್ಯಾಯರ ಕೋಣೆಯಿಂದ ಕೈಗಳಿರುವ ಕುರ್ಚಿಯೊಂದನ್ನು ಹೊತ್ತು ತಂದು ಹಾಕಿದರು. ಅದರಲ್ಲಿ ಕೂತರೆ ಮೇಜಿನ ಮೇಲಿನ ಗಾಜಿನ ಕೊಳವೆಗಳು ಕಾಣುತ್ತಿರಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಮಕ್ಕಳು ಕೂರುವ ಎತ್ತರದ ಸ್ಟೂಲೊಂದನ್ನು ಎಳೆದುಕೊಂಡೆ.

"ಕುರ್ಚಿ ಹಿಡಿಸ್ಲಿಲ್ವಾ ಮೇಡಮ್?" ಎಂದರು ಕೃಷಿ ಮೇಷ್ಟ್ರು.

"ಕುರ್ಚಿ ಚೆನ್ನಾಗಿದೆ ಸಾರ್. ಕೊಳವೆ ಕಾಣಲ್ಲ."

"ಕಾಣೋಕೆ ಏನಿದೆ ಬಿಡಿ, ಎಲ್ಲಾ ನೀಲಿನೇ. ಹತ್ತು ವರ್ಷದಿಂದ ನೋಡ್ತಿದೀನಿ."

ಮೇಷ್ಟ್ರಿಗೆ ಐವತ್ತೇಳು ವರ್ಷ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಪ್ರತಿ ವಾಕ್ಯದ ಕೊನೆಗೆ ಸಣ್ಣ ನಗು. ನನಗೆ ಇಪ್ಪತ್ತೊಂಬತ್ತು. ಪರೀಕ್ಷಕಿಯಾಗಿ ಇದು ಮೊದಲನೆಯ ಸಲ, ಅದು ಅವರಿಗೂ ಗೊತ್ತಿತ್ತು. ಆದರೆ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಆರು ವರ್ಷ ದಿನಕ್ಕೆ ಐವತ್ತು ಕೊಳವೆ ನೋಡಿ ಆಮೇಲೆ ಮೇಷ್ಟ್ರಗಿರಿಗೆ ಬಂದವಳು ನಾನು. ಮಣ್ಣಿನ ವಿಷಯದಲ್ಲಿ ಯಾರಿಗೂ ಹೆದರಬೇಕಾದ ಕಾರಣ ನನಗೆ ಕಾಣಲಿಲ್ಲ.

ಇಪ್ಪತ್ತನಾಲ್ಕು ಮಕ್ಕಳು. ಒಬ್ಬೊಬ್ಬರ ಎದೆಯ ಮೇಲೂ ಪಿನ್ನು ಚುಚ್ಚಿದ ನಂಬರು. ಪರೀಕ್ಷಕರಿಗೆ ಹೆಸರು ಹೇಳುವ ಹಾಗಿಲ್ಲ. ಶಾಲೆಯ ಹಿಂದಿನ ಅರ್ಧ ಎಕರೆ ಹೊಲದಿಂದ ಹತ್ತು ದಿನದ ಹಿಂದೆ ಪ್ರತಿಯೊಬ್ಬರೂ ಮಣ್ಣಿನ ಮಾದರಿ ತೆಗೆದು, ಒಣಗಿಸಿ, ಜರಡಿ ಹಿಡಿದು ಇಟ್ಟಿದ್ದರು. ಇವತ್ತು ಆ ಮಣ್ಣಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಎಂದು ಹೇಳಬೇಕು. ಮಣ್ಣನ್ನು ದ್ರಾವಣದಲ್ಲಿ ಕುಲುಕಿ, ಸೋಸಿ, ತಿಳಿಗೆ ಎರಡು ಔಷಧಿ ಹನಿ ಹಾಕಿದರೆ ನೀಲಿ ಬರುತ್ತದೆ. ತಿಳಿನೀಲಿ ಬಂದರೆ ರಂಜಕ ಕಡಿಮೆ, ಕಡುನೀಲಿ ಬಂದರೆ ಹೆಚ್ಚು. ಗೋಡೆಯ ಮೇಲಿನ ಬಣ್ಣದ ಪಟ್ಟಿಗೆ ಹಿಡಿದು ನೋಡಿ ಬರೆಯಬೇಕು, ಅಷ್ಟೇ. ಒಟ್ಟು ನಲವತ್ತು ಅಂಕ: ಮಾದರಿ ಸಂಗ್ರಹಕ್ಕೆ ಹತ್ತು, ಸಿದ್ಧತೆಗೆ ಐದು, ಪರೀಕ್ಷೆಯ ಕ್ರಮಕ್ಕೆ ಹತ್ತು, ಫಲಿತಾಂಶಕ್ಕೆ ಹತ್ತು, ದಾಖಲೆ ಪುಸ್ತಕಕ್ಕೆ ಐದು.

ಬಾಗಿಲ ಪಕ್ಕದ ತೊಟ್ಟಿಯಲ್ಲಿ ಆಯಾ ಕೊಳವೆ ತೊಳೆಯುತ್ತಿದ್ದಳು. ಗಟ್ಟಿ ಹೆಂಗಸು, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಒಂದು ಕೊಳವೆಯೂ ಬಡಿಯದ ಹಾಗೆ ತೊಳೆದು ಬೋರಲು ಹಾಕುತ್ತಿದ್ದಳು. ನಮ್ಮ ಕೇಂದ್ರದಲ್ಲಿ ಅಷ್ಟು ಚೆನ್ನಾಗಿ ತೊಳೆಯುವವರು ಒಬ್ಬರೂ ಇರಲಿಲ್ಲ.

ಹನ್ನೊಂದು ಗಂಟೆಗೆ ಬಣ್ಣ ಬಂತು. ನಾನು ಸಾಲಿನ ಉದ್ದಕ್ಕೂ ನಡೆದೆ. ಒಂದನೇ ನಂಬರು ಕಡುನೀಲಿ. ಎರಡು ಕಡುನೀಲಿ. ಏಳು, ಎಂಟು, ಒಂಬತ್ತು ಶಾಯಿಯ ಹಾಗೆ. ಹದಿನೇಳನೆಯದರ ಹತ್ತಿರ ನಿಂತೆ. ಆ ಹುಡುಗಿಯ ಕೊಳವೆಯಲ್ಲಿ ಬಟ್ಟೆಗೆ ಹಾಕುವ ನೀಲಿಯ ಕೊನೆಯ ನೀರಿನಷ್ಟೂ ಬಣ್ಣ ಇರಲಿಲ್ಲ. ಹಾಳೆಯ ಮೇಲೆ ಅವಳು 'ಕಡಿಮೆ' ಎಂದು ಬರೆದಿದ್ದಳು. ಉಳಿದ ಇಪ್ಪತ್ತಮೂರು ಹಾಳೆಗಳಲ್ಲಿ 'ಹೆಚ್ಚು' ಇತ್ತು.

ಹೊಲ ಒಂದೇ. ಔಷಧಿ ಒಂದೇ. ನಾನು ಪೆನ್ಸಿಲಿನಲ್ಲಿ ಫಲಿತಾಂಶದ ಕಾಲಮ್ಮಿನಲ್ಲಿ ಎರಡು ಎಂದು ಬರೆದು ಮುಂದಕ್ಕೆ ಹೋದೆ.

ಮೇಷ್ಟ್ರು ಹಿಂದೆಯೇ ಬಂದು ಹಾಳೆಯಲ್ಲಿ ಇಣುಕಿದರು. "ಅಯ್ಯೋ, ಅವಳಿಗಾ? ಎರಡು ಕೊಟ್ರೆ ಮುಗೀತು ಮೇಡಮ್. ಅವಳಿಗೆ ಮೂವತ್ತಾರು ಬೇಕು."

"ಯಾಕೆ ಮೂವತ್ತಾರು?"

"ನಿಮ್ಮ ಹಳೇ ಕೇಂದ್ರದಲ್ಲೇ ಎರಡು ವರ್ಷದ ಕೋರ್ಸ್ ಇದೆಯಲ್ಲ, ಅದಕ್ಕೆ. ಓದಿನಲ್ಲಿ ಚುರುಕು. ಪ್ರಾಯೋಗಿಕದಲ್ಲಿ ನಲವತ್ತಕ್ಕೆ ಮೂವತ್ತಾರಿಲ್ಲದಿದ್ರೆ ಅವರು ಅರ್ಜಿನೇ ತಗೊಳ್ಳಲ್ಲ."

ನನಗೆ ಆ ನಿಯಮ ಗೊತ್ತಿತ್ತು. ಉಳಿದದ್ದೆಲ್ಲ ಪೂರ್ತಿ ಸಿಕ್ಕರೂ ಅವಳಿಗೆ ಮೂವತ್ತೆರಡು.

ಮೇಷ್ಟ್ರು ಹುಡುಗಿಯ ಹತ್ತಿರ ಬಗ್ಗಿದರು. "ಏನಮ್ಮಾ ವಕೀಲಮ್ಮ, ಹನಿ ಕಮ್ಮಿ ಹಾಕಿದೀಯ. 'ಹೆಚ್ಚು' ಅಂತ ಬರೆದುಬಿಡು, ಮೇಡಮ್ ಏನೂ ಅನ್ನಲ್ಲ."

"ಕೊಳವೇಲಿ ಹಾಗಿಲ್ಲ ಸಾರ್," ಎಂದಳು ಹುಡುಗಿ.

"ಎಲ್ಲರದ್ದೂ ಹಾಗಿದೆಯಲ್ಲ."

"ನಂದು ಹೀಗಿದೆ."

ಹಿಂದಿನ ಸಾಲಿನಿಂದ ಯಾರೋ, "ಇವಳ ಹೊಲ ಚಂದ್ರನ ಮೇಲಿದೆ ಸಾರ್," ಎಂದರು. ನಗು ಎದ್ದಿತು. ಹುಡುಗಿ ತಿರುಗಿಯೂ ನೋಡಲಿಲ್ಲ. ವಕೀಲಮ್ಮ ಎಂಬ ಅಡ್ಡಹೆಸರು ಯಾಕೆ ಬಂತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಮತ್ತೆ ಮಾಡು," ಎಂದೆ. "ನನ್ನೆದುರಿಗೆ."

ಅವಳು ಮತ್ತೆ ಮಾಡಿದಳು. ಆ ಕೈ ನೋಡಿ ನನಗೆ ಖುಷಿಯಾಯಿತು. ಚಮಚದ ಮೇಲಿನ ಮಣ್ಣನ್ನು ಕಡ್ಡಿಯಿಂದ ಸವರಿ ಮಟ್ಟ ಮಾಡಿದಳು. ಕೊಳವೆಯ ಬಾಯಿ ಮುಚ್ಚಲು ಬೆರಳು ಬಳಸಲಿಲ್ಲ, ಬಿರಡೆ ಬಳಸಿದಳು. ಹನಿಗಳನ್ನು ತುಟಿಯಲ್ಲೇ ಎಣಿಸಿದಳು. ಐದು ನಿಮಿಷ ಕಾದೆವು. ಅದೇ ತಿಳಿನೀಲಿ.

"ಈಗ ಪಕ್ಕದವನ ಮಣ್ಣು ತಗೊಂಡು ಮಾಡು."

ಹದಿನಾರನೆಯವನು ತನ್ನ ಮಣ್ಣಿನ ಕಾಗದವನ್ನು ಆಸ್ತಿ ಬಿಟ್ಟುಕೊಡುವವನ ಹಾಗೆ ಮುಂದೆ ತಳ್ಳಿದ. ಅದೇ ಕೈ, ಅದೇ ಔಷಧಿ, ಅದೇ ಕೊಳವೆ. ಶಾಯಿ.

ಅಲ್ಲಿಗೆ ಒಂದು ವಿಷಯ ಖಚಿತವಾಯಿತು. ಹುಡುಗಿ ತಪ್ಪಿಲ್ಲದೆ ಮಾಡುತ್ತಿದ್ದಾಳೆ, ಮಣ್ಣೇ ಬೇರೆ. ನನಗಿಂತ ಮೊದಲು ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಿದರು. ಈ ಸಲ ಕೊನೆಯಲ್ಲಿ ನಗು ಇರಲಿಲ್ಲ.

"ಹಾಗಾದ್ರೆ ಇದು ನಮ್ಮ ಹೊಲದ ಮಣ್ಣಲ್ಲ. ಎಲ್ಲಿಂದ ತಂದೆ? ಮನೆ ಹಿತ್ತಿಲಿಂದಾ?"

"ಹೊಲದಿಂದಾನೇ ಸಾರ್. ಹತ್ತು ಕಡೆ ಅಗೆದು, ಅರ್ಧ ಅಡಿ ಆಳ."

"ಅಗೆದದ್ದನ್ನ ನಾನು ನೋಡಿದೀನಿ. ಆಮೇಲೆ ಏನು ಮಾಡಿದೆ ಅಂತ ನನಗೇನು ಗೊತ್ತು?" ನನ್ನ ಕಡೆ ತಿರುಗಿದರು. "ಮಾದರಿ ಬದಲಾಯಿಸಿದ್ರೆ ಸಂಗ್ರಹಕ್ಕೂ ಸೊನ್ನೆ, ಫಲಿತಾಂಶಕ್ಕೂ ಸೊನ್ನೆ, ಅಲ್ವಾ ಮೇಡಮ್? ನಿಯಮ ಹಾಗೇ ಇದೆ."

ನಿಯಮ ಹಾಗೇ ಇತ್ತು. ಹಾಗೆ ಬರೆದರೆ ಅವಳಿಗೆ ಇಪ್ಪತ್ತು ಅಂಕ, ಜೊತೆಗೆ ಮೋಸ ಮಾಡಿದವಳು ಎಂಬ ಟಿಪ್ಪಣಿ. ಮುಂದಿನ ವರ್ಷವೂ ಯಾರೂ ಅವಳ ಅರ್ಜಿ ತೆಗೆದುಕೊಳ್ಳುವುದಿಲ್ಲ.

"ಮಣ್ಣನ್ನ ಯಾವುದರಲ್ಲಿ ತುಂಬಿ ತಂದೆ?" ಎಂದು ಕೇಳಿದೆ. ಕೇಂದ್ರದಲ್ಲಿ ಯಾವ ಮಾದರಿಯಾದರೂ ವಿಚಿತ್ರ ಅನ್ನಿಸಿದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಅದು.

ಅಲ್ಲಿಯವರೆಗೆ ಪ್ರತಿ ಮಾತಿಗೂ ಮಾತು ಕೊಟ್ಟಿದ್ದ ಹುಡುಗಿ ಬಾಯಿ ಮುಚ್ಚಿದಳು. ದಾಖಲೆ ಪುಸ್ತಕ ತೆಗೆದು ನೋಡಿದೆ. 'ಸಂಗ್ರಹಿಸಿದ ಸಾಧನ: ಸ್ವಚ್ಛ ಚೀಲ.' ಇಪ್ಪತ್ತನಾಲ್ಕು ಪುಸ್ತಕಗಳಲ್ಲೂ ಅದೇ ಎರಡು ಪದ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆಸಿದ್ದು.

"ಕೇಳ್ತಿದೀನಲ್ಲ. ಚೀಲದಲ್ಲೇ ತಂದೆಯಾ?"

ತೊಟ್ಟಿಯ ಹತ್ತಿರ ನೀರು ನಿಂತಿತು. ಆಯಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಅವಳು ಹೇಳಲ್ಲ ಮೇಡಮ್, ನಾನು ಹೇಳ್ತೀನಿ. ಅವಳು ಚೀಲದಲ್ಲಿ ತರಲಿಲ್ಲ. ನನ್ನ ಊಟದ ಡಬ್ಬೀಲಿ ತಂದಳು."

"ಅತ್ತೆ, ಸುಮ್ನಿರು," ಎಂದಳು ಹುಡುಗಿ.

ಕೋಣೆಗೆ ಕೋಣೆಯೇ ತಿರುಗಿತು. ಶಾಲೆಯಲ್ಲಿ ಎಲ್ಲರ ಹಾಗೆ ಆಯಾ ಎಂದೇ ಕರೆಯಬೇಕೆಂದು ಆಕೆಯೇ ಹುಡುಗಿಗೆ ಹೇಳಿದ್ದಳಂತೆ. ಆಕೆ ಹುಡುಗಿಯ ಸೋದರತ್ತೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

"ಏನು ಸುಮ್ನಿರೋದು? ಕಳ್ಳಿ ಅಂತ ಬರೆಸ್ಕೋತೀಯಾ?" ಆಯಾ ನನ್ನ ಕಡೆ ತಿರುಗಿದಳು. "ಮಕ್ಕಳಿಗೆ ಚೀಲ ಹೊಂದಿಸಿ ಕೊಡೋದು ನನ್ನ ಕೆಲಸ. ಒಂದು ಕಮ್ಮಿ ಬಿತ್ತು ಅಂತ ಇವಳು ಬಂದು ಹೇಳಿದಳು. ಮನೆ ಮಗಳೇ ತಾನೆ ಅಂತ ನನ್ನ ಸ್ಟೀಲ್ ಡಬ್ಬಿ ಖಾಲಿ ಮಾಡಿ, ತಿಕ್ಕಿ, ಬಿಸಿಲಿಗಿಟ್ಟು ಕೊಟ್ಟೆ. ಉಣ್ಣೋ ಡಬ್ಬೀಲಿ ಮಣ್ಣು ಹಾಕಿದ್ದು ತಪ್ಪಾಗಿದ್ರೆ ಆ ತಪ್ಪು ನಂದು. ಉಪ್ಪು ಎಣ್ಣೆ ಏನಾದ್ರೂ ಅಂಟಿಕೊಂಡಿತ್ತೋ ಏನೋ. ಅವಳ ಅಂಕ ಕಳೀಬೇಡಿ."

ಮೇಷ್ಟ್ರು ತಲೆಯಾಡಿಸಿದರು. "ನೋಡಿದ್ರಾ. ಊಟದ ಡಬ್ಬಿ. ಬಣ್ಣ ಹೇಗೆ ಬರುತ್ತೆ ಮತ್ತೆ?"

ತೊಳೆದ ಸ್ಟೀಲ್ ಡಬ್ಬಿಗಿಂತ ಒಳ್ಳೆಯ ಸಾಧನ ಮಣ್ಣಿಗೆ ಇಲ್ಲ. ನನಗೆ ಡಬ್ಬಿಯ ಚಿಂತೆ ಹತ್ತಲಿಲ್ಲ. "ಚೀಲಗಳು ಎಲ್ಲಿವೆ?" ಎಂದೆ.

ಬೀರುವಿನ ಹಿಂದೆ ಮೂಟೆ ಕಟ್ಟಿ ಇಟ್ಟಿದ್ದರು. ಬಿಚ್ಚಿ ನೆಲದ ಮೇಲೆ ಹರಡಿದೆ. ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ಅಡ್ಡಕ್ಕೆ ಕತ್ತರಿಸಿ ಹೊಲಿದ ಸಣ್ಣ ಚೀಲಗಳು, ಅಚ್ಚುಕಟ್ಟಾದ ಹೊಲಿಗೆ. ಒಂದೊಂದೇ ಎಣಿಸಿದೆ. ಇಪ್ಪತ್ತನಾಲ್ಕು. ಕಮ್ಮಿ ಬಿದ್ದಿರಲೇ ಇಲ್ಲ. ಇಪ್ಪತ್ತಮೂರರ ಒಳಗೆ ಕೆಂಪು ಮಣ್ಣಿನ ಕಲೆ ಇತ್ತು, ಒಂದರಲ್ಲಿ ಇರಲಿಲ್ಲ. ಆ ಒಂದನ್ನು ಒಳಹೊರಗು ಮಾಡಿದೆ. ಹೊಲಿಗೆಯ ಸಂದಿಯಲ್ಲಿ ಸಾಸಿವೆ ಗಾತ್ರದ ಬೂದು ಕಾಳುಗಳು ಕೂತಿದ್ದವು. ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡೆ. ಹೊರಮೈಯಲ್ಲಿ ಅರ್ಧ ಅಳಿಸಿಹೋದ ಅಕ್ಷರಗಳಿದ್ದವು. ರಂಜಕದ ಗೊಬ್ಬರದ ಚೀಲ.

ಹುಡುಗಿಯನ್ನು ನೋಡಿದೆ. ಅವಳು ನನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಬನ್ನಿ ಸಾರ್, ಹೊಲಕ್ಕೆ ಹೋಗೋಣ."

"ಈಗಲಾ? ಬಿಸಿಲು ಮೇಡಮ್. ಐದು ಗಂಟೆಗೆ ಅಂಕಪಟ್ಟಿ ಸೀಲ್ ಮಾಡಬೇಕು."

"ಹನ್ನೆರಡೂವರೆ ಸಾರ್ ಇನ್ನೂ."

ಚಹಾ ತಂದಿದ್ದ ಸ್ಟೀಲ್ ತಟ್ಟೆಯನ್ನು ತೊಳೆದು ತೆಗೆದುಕೊಂಡೆ. ಹೊಲದಲ್ಲಿ ಜೋಳ ಮೊಣಕಾಲೆತ್ತರ ಇತ್ತು. ಆ ಹೊತ್ತಿಗೆ ಸೊಂಟ ದಾಟಬೇಕಿತ್ತು. ಎಲೆಗಳ ಅಂಚು ನೇರಳೆಗೆ ತಿರುಗಿತ್ತು.

"ಈ ನೇರಳೆ ಯಾಕೆ ಸಾರ್?"

"ಚಳಿಗೆ ಇರಬಹುದು."

"ಬಿಸಿಲು ಅಂದ್ರಿ ಈಗ."

ಎಲೆಯಂಚು ನೇರಳೆಯಾದರೆ ರಂಜಕದ ಕೊರತೆ ಎಂದು ಅವರೇ ಮಕ್ಕಳಿಗೆ ಬರೆಸಿರುತ್ತಾರೆ. ಬರೆಸಿದ್ದು ಪುಸ್ತಕದಲ್ಲಿರುತ್ತದೆ, ಹೊಲ ಹೊಲದಲ್ಲಿರುತ್ತದೆ. ನಡುವೆ ಓಡಾಡುವವರು ಕಡಿಮೆ.

"ಇಲ್ಲಿಗೆ ರಂಜಕದ ಗೊಬ್ಬರ ಕೊನೆಗೆ ಯಾವಾಗ ಹಾಕಿಸಿದ್ರಿ?"

"ಹಾಕಿಸಿಲ್ಲ. ಪ್ರತಿ ವರ್ಷದ ಪರೀಕ್ಷೇಲೂ 'ಹೆಚ್ಚು' ಅಂತ ಬರುತ್ತಲ್ಲ. ಇರೋ ಕಡೆ ಯಾಕೆ ಹಾಕ್ಸೋದು? ಅದನ್ನೆಲ್ಲ ತರಕಾರಿ ಮಡಿಗೆ ಹಾಕಿ, ಖಾಲಿ ಚೀಲ ಪ್ರತಿ ವರ್ಷ ಮಾದರಿಗೆ..." ವಾಕ್ಯ ಅಲ್ಲೇ ನಿಂತಿತು. ಜೇಬಿನ ಪೆನ್ನು ಮುಟ್ಟಿಕೊಂಡರು. ಬುದ್ಧಿವಂತರು, ಬಿಡಿಸಿ ಹೇಳುವ ಕೆಲಸ ಬೀಳಲಿಲ್ಲ.

ಹತ್ತು ಕಡೆ ನಾನೇ ಅಗೆದೆ. ತಟ್ಟೆಯಲ್ಲಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡಿ ಎರಡು ಹಿಡಿಗೆ ಇಳಿಸಿದೆ. ಕೋಣೆಗೆ ಬಂದು ಒಂದು ಹಿಡಿಯನ್ನು ತಟ್ಟೆಯಲ್ಲೇ ಬಿಟ್ಟೆ. ಇನ್ನೊಂದನ್ನು ಬಳಸದ ಆ ಚೀಲಕ್ಕೆ ಹಾಕಿ, ಬಾಯಿ ಹಿಡಿದು ಚೆನ್ನಾಗಿ ಕುಲುಕಿ ಹೊರಕ್ಕೆ ಸುರಿದೆ. ಎರಡನ್ನೂ ಜರಡಿ ಹಿಡಿದು ಎರಡು ಕೊಳವೆಗೆ ಹಾಕಿದೆ. ಔಷಧಿ ಹಾಕಲು ಮೇಷ್ಟ್ರಿಗೇ ಹೇಳಿದೆ. ಮಕ್ಕಳು ಸ್ಟೂಲು ಬಿಟ್ಟು ಬಂದು ಮೇಜಿನ ಸುತ್ತ ನಿಂತಿದ್ದರು. ಪರೀಕ್ಷೆಯಲ್ಲಿ ಹಾಗೆ ನಿಲ್ಲಬಾರದು. ನಿಲ್ಲಲು ಬಿಟ್ಟೆ.

ತಟ್ಟೆಯ ಮಣ್ಣು ತಿಳಿನೀಲಿ. ಚೀಲದ ಮಣ್ಣು ಶಾಯಿ.

ಹದಿನಾರನೆಯವನು ಮೆಲ್ಲಗೆ, "ಅಂದ್ರೆ ನಾವೆಲ್ಲ ಚೀಲವನ್ನ ಪರೀಕ್ಷೆ ಮಾಡಿದ್ವಿ," ಎಂದ. ಈ ಸಲ ಯಾರೂ ನಗಲಿಲ್ಲ.

ಮೇಷ್ಟ್ರು ಆಯಾಳ ಕಡೆ ತಿರುಗಿದರು. "ಚೀಲ ತೊಳೆದಿಡು ಅಂದಿದ್ನಲ್ಲಮ್ಮ?"

"ಕೊಡವಿ ಇಡು ಅಂದಿದ್ರಿ ಸಾರ್. ಕೊಡವಿದ್ದೆ," ಎಂದಳು ಆಯಾ. ಅವಳ ಮುಖ ಬಿಳಿಚಿತ್ತು. ಸೋದರಸೊಸೆಯನ್ನು ಉಳಿಸಲು ಬಾಯಿ ಬಿಟ್ಟವಳು ತನ್ನ ಕುತ್ತಿಗೆಗೇ ತಂದುಕೊಂಡಿದ್ದಳು.

ಮಕ್ಕಳನ್ನು ಹೊರಗೆ ಕಳಿಸಿ ಹದಿನೇಳನ್ನು ಮಾತ್ರ ನಿಲ್ಲಿಸಿಕೊಂಡೆ.

"ಚೀಲ ಕಮ್ಮಿ ಬಿದ್ದಿರಲಿಲ್ಲ."

"ಇಲ್ಲ ಮೇಡಮ್."

"ನಿನಗೆ ಗೊತ್ತಿತ್ತು."

"ಗೊಬ್ಬರದ ಚೀಲದಲ್ಲಿ ಮಾದರಿ ತರಬಾರದು ಅಂತ ಪುಸ್ತಕದಲ್ಲಿದೆ."

"ಬೇರೆಯವರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಚೀಲ ಯಾರು ಕೊಟ್ಟಿದ್ದು ಅಂತ ಬರ್ತಿತ್ತು. ಅತ್ತೆ ಕೆಲಸ ಇನ್ನೂ ಕಾಯಂ ಆಗಿಲ್ಲ."

"ಪುಸ್ತಕದಲ್ಲಿ 'ಸ್ವಚ್ಛ ಚೀಲ' ಅಂತ ಬರೆದೆ."

"ಎಲ್ಲರೂ ಬರೆದ್ರು."

"ಕೊಳವೆ ವಿಷಯಕ್ಕೆ ಈ ಮಾತು ಹೇಳಲಿಲ್ಲ ನೀನು."

ಅವಳು ದಾಖಲೆ ಪುಸ್ತಕದ ಕಡೆ ನೋಡಿದಳು. ಹೊರಗೆ ಹೋಗು ಎಂದೆ.

ಮೇಷ್ಟ್ರು ಕೈಗಳಿರುವ ಆ ಕುರ್ಚಿಯಲ್ಲಿ ಕೂತಿದ್ದರು. "ನೋಡಮ್ಮಾ," ಎಂದರು. ಮೇಡಮ್ ಹೋಗಿ ಅಮ್ಮಾ ಬಂದಿತ್ತು. "ಸುಲಭದ ದಾರಿ ಒಂದಿದೆ. ಎಲ್ಲರಿಗೂ ಪೂರ್ತಿ ಕೊಟ್ಟುಬಿಡಿ, ಅವಳಿಗೂ ಕೊಡಿ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಚೀಲದ ವಿಷಯ ಮುಂದಿನ ವರ್ಷ ನಾನು ಸರಿ ಮಾಡ್ತೀನಿ."

"ಆಗಲ್ಲ ಸಾರ್."

"ನಿಮಗಿದು ಮೊದಲನೇ ಸಲ."

"ಹೌದು. ಅದಕ್ಕೇ ನಿಯಮದ ಪುಸ್ತಕ ಪೂರ್ತಿ ಓದ್ಕೊಂಡು ಬಂದಿದೀನಿ. ಸಾಧನ ಸರಿಯಿಲ್ಲದಿದ್ರೆ ಸಂಗ್ರಹದ ಹತ್ತರಲ್ಲಿ ಎರಡು ಕಡಿತ. ಇಪ್ಪತ್ತಮೂರು ಮಕ್ಕಳಿಗೂ ಎರಡೆರಡು ಹೋಗುತ್ತೆ. ಫಲಿತಾಂಶಕ್ಕೆ ಪೂರ್ತಿ. ಕೊಳವೇಲಿ ಕಂಡದ್ದನ್ನ ಸರಿಯಾಗೇ ಓದಿದಾರೆ. ಹದಿನೇಳಕ್ಕೆ ಫಲಿತಾಂಶ ಹತ್ತಕ್ಕೆ ಹತ್ತು."

ಪೆನ್ಸಿಲಿನ ಎರಡನ್ನು ಅಳಿಸಿದೆ. ಅದು ನನ್ನ ತಪ್ಪು. ಅವಳ ಕೊಳವೆ ನೋಡಿ ಅಂಕ ಕೊಡಬೇಕಾದವಳು ನಾನು ಉಳಿದ ಇಪ್ಪತ್ತಮೂರು ಕೊಳವೆ ನೋಡಿ ಕೊಟ್ಟಿದ್ದೆ. ಹಾಗೆಂದು ಮೇಷ್ಟ್ರಿಗೂ ಹೇಳಿದೆ. ಹೇಳಿದರೆ ನನ್ನ ಗಂಟೇನೂ ಹೋಗುವುದಿಲ್ಲ.

"ಟಿಪ್ಪಣೀಲಿ ಕಾರಣ ಬರೀಬೇಕಲ್ಲ," ಎಂದರು. "ಆಯಾ ಗೊಬ್ಬರದ ಚೀಲ ಕೊಟ್ಟಳು ಅಂತ ಬರೀರಿ. ಇದ್ದದ್ದು ಇದ್ದ ಹಾಗೆ."

"ಚೀಲ ಕೊಟ್ಟೋಳು ಆಯಾ. ಅದು ಎಂಥ ಚೀಲ ಅಂತ ನೋಡಬೇಕಾದೋರು ನೀವು. ಆಯಾ ಕೃಷಿ ಓದಿಲ್ಲ ಸಾರ್. ಅವಳು ಕೊಟ್ಟ ಡಬ್ಬಿ ಸರಿಯಾಗಿತ್ತು, ನೀವು ಬರೆಸಿದ 'ಸ್ವಚ್ಛ' ಸರಿಯಾಗಿರಲಿಲ್ಲ."

ಅವರ ಕಿವಿ ಕೆಂಪಾಯಿತು. ಕೂಗುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಹೊಲ ನೋಡುತ್ತ ನಿಂತರು. ಅಲ್ಲಿಂದ ನೇರಳೆ ಅಂಚು ಕಾಣುವುದಿಲ್ಲ, ಕುಳ್ಳಗಿರುವುದು ಮಾತ್ರ ಕಾಣುತ್ತದೆ.

'ಮಾದರಿ ಸಂಗ್ರಹದ ಸಾಧನವನ್ನು ವಿಷಯ ಶಿಕ್ಷಕರು ಪರಿಶೀಲಿಸಿಲ್ಲ' ಎಂದು ಬರೆದೆ. ಒಂದೇ ವಾಕ್ಯ. ಹತ್ತು ವರ್ಷ ಎಂದು ಸೇರಿಸಲಿಲ್ಲ. ನನ್ನ ಅಧಿಕಾರ ಇವತ್ತಿನ ಪರೀಕ್ಷೆಗೆ ಮಾತ್ರ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರ ಸಹಿ ಇಲ್ಲದೆ ಲಕೋಟೆ ಮುಚ್ಚುವ ಹಾಗಿರಲಿಲ್ಲ.

ಎರಡು ಸಲ ಓದಿದರು. "ಇದಕ್ಕೆ ನಾನು ಸಹಿ ಹಾಕದಿದ್ರೆ?"

"ಹಾಕಲಿಲ್ಲ ಅಂತ ಬರೆದು ಕಳಿಸ್ತೀನಿ. ಆಗ ಅವರು ಬಂದು ಚೀಲ ನೋಡ್ತಾರೆ, ಹೊಲಾನೂ ನೋಡ್ತಾರೆ."

"ನಿಮ್ಮ ಮನೇಲಿ ನಿಮ್ಮನ್ನ ಹೇಗೆ ಸಹಿಸ್ಕೋತಾರಮ್ಮಾ?"

"ಕಷ್ಟಪಡ್ತಾರೆ ಸಾರ್."

ಅವರಿಗೆ ನಗು ಬಂತು. ಬರಬಾರದಿತ್ತು, ಬಂತು. ಮೂರು ಪೆನ್ನುಗಳಲ್ಲಿ ಬರೆಯುವುದು ಯಾವುದೆಂದು ಹುಡುಕಿ ಸಹಿ ಹಾಕಿದರು. ಆಮೇಲೆ ಆ ಇಪ್ಪತ್ತನಾಲ್ಕು ಚೀಲಗಳನ್ನು ತಾವೇ ಬಗ್ಗಿ ಆರಿಸಿ ಮೂಟೆ ಕಟ್ಟತೊಡಗಿದರು. ಆಯಾ ಸಹಾಯಕ್ಕೆ ಬಂದಾಗ, "ಬಿಡಮ್ಮ, ನಾನೇ ಮಾಡ್ತೀನಿ," ಎಂದರು.

ಮಕ್ಕಳನ್ನು ಒಳಗೆ ಕರೆದು ಎಲ್ಲಿ ಎಷ್ಟು ಕಡಿತ ಎಂದು ಹೇಳಿದೆ. ಅಂಕ ಹೇಳಬಾರದು, ಕಡಿತದ ಕಾರಣ ಹೇಳಬಹುದು. ಚೀಲಕ್ಕೆ ಎರಡು. ಹದಿನೇಳನೇ ನಂಬರಿಗೆ ಚೀಲದ ಕಡಿತ ಇಲ್ಲ, ದಾಖಲೆಯಲ್ಲಿ ಸುಳ್ಳು ಬರೆದದ್ದಕ್ಕೆ ಎರಡು.

ಅವಳು ಕೂಡಲೇ ಎದ್ದು ನಿಂತಳು. "ಹಾಗಾದ್ರೆ ಅವರಿಗೂ ನನಗೂ ಒಂದೇ ಆಯ್ತಲ್ಲ ಮೇಡಮ್."

"ಆಯ್ತು."

"ಪುಸ್ತಕದಲ್ಲಿ ಅವರೂ ಅದನ್ನೇ ಬರೆದಿದಾರೆ."

"ಅವರು ಗೊತ್ತಿಲ್ಲದೆ ಬರೆದ್ರು. ನೀನು ಗೊತ್ತಿದ್ದು ಬರೆದೆ. ನಾಳೆ ಕೇಂದ್ರದಲ್ಲಿ ಕೂತು ರೈತರಿಗೆ ಚೀಟಿ ಬರೆದು ಕೊಡ್ತೀಯ. ಅವರು ಅದನ್ನ ನಂಬಿ ಗೊಬ್ಬರ ಹಾಕ್ತಾರೆ. ಅಲ್ಲಿ ಹೀಗೆ ಬರೆದ್ರೆ ಅಂಕ ಹೋಗಲ್ಲ, ಬೆಳೆ ಹೋಗುತ್ತೆ."

ಅವಳು ವಾದಿಸಲು ಬಾಯಿ ತೆರೆದಳು, ಮನಸ್ಸಿನಲ್ಲೇ ಕೂಡಿ ಕಳೆದಳು. ನಲವತ್ತರಲ್ಲಿ ಎರಡು ಹೋದರೆ ಎಷ್ಟು ಎಂದು ಲೆಕ್ಕ ಹಾಕಲು ಅವಳಿಗೆ ಬೆರಳು ಬೇಕಿರಲಿಲ್ಲ. ಮುಖ ಸಡಿಲವಾಯಿತು. ಬಾಗಿಲಲ್ಲಿದ್ದ ಆಯಾಳಿಗೆ ಕಣ್ಣಲ್ಲೇ ಏನೋ ಹೇಳಿದಳು. ಆಯಾ ತಿರುಗಿ ನಲ್ಲಿ ಬಿಟ್ಟಳು, ತೊಳೆಯಲು ಅಲ್ಲಿ ಕೊಳವೆ ಯಾವುದೂ ಉಳಿದಿರಲಿಲ್ಲ.

ನಾಲ್ಕೂವರೆಗೆ ಮಕ್ಕಳೆಲ್ಲ ಹೋದರು. ನಾನು ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಹದಿನೇಳು ಮತ್ತೆ ಬಂದು ನಿಂತಳು.

"ದಾಖಲೆ ಪುಸ್ತಕ ಒಂದ್ಸಲ ಕೊಡ್ತೀರಾ ಮೇಡಮ್? ತಿದ್ದಿ ಕೊಡ್ತೀನಿ."

"ತಿದ್ದಿದ್ರೂ ಎರಡು ಅಂಕ ವಾಪಸ್ ಬರಲ್ಲ."

"ಗೊತ್ತು. ಅಂಕಕ್ಕಲ್ಲ."

ಕೊಟ್ಟೆ. 'ಸ್ವಚ್ಛ ಚೀಲ' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ, ಅದೇ ಸರಿಯಾದ ಕ್ರಮ. ಪಕ್ಕದಲ್ಲಿ 'ಊಟದ ಡಬ್ಬಿ, ಸ್ಟೀಲ್' ಎಂದು ಬರೆಯತೊಡಗಿದಳು.

ಆಯಾ ಹಿಂದಿನಿಂದ ಬಗ್ಗಿ ನೋಡಿದಳು. "ತೊಳೆದಿದ್ದು ಅಂತಾನೂ ಬರಿಯೇ. ಓದಿದೋರು ಏನಂದ್ಕೋತಾರೆ?"

"ಬರೀತೀನಿ ಅತ್ತೆ."

'ತೊಳೆದದ್ದು' ಎಂದು ಬರೆದಳು. ಕೆಳಗೆ ನಾನು ಸಹಿ ಹಾಕಿ, ತಾರೀಖಿನ ಪಕ್ಕ ಗಂಟೆಯನ್ನೂ ನಮೂದಿಸಿದೆ. ನಾಲ್ಕು ನಲವತ್ತು.